ಯಾವ ದೇವರ ಒಕ್ಕಲು?

"ಆಧುನಿಕೋತ್ತರ ಕಾಲ ಅಂತಾರಲ್ಲ, ಈಗ ಜನರಲ್ಲಿ ದೈವಭಕ್ತಿ ಕಡಿಮೆ ಆಗುತ್ತಿದೆಯಾ, ಇಲ್ಲ ಬರೀ ರೂಪ ಬದಲಾಗುತ್ತಿದೆಯಾ?" ಅಂತ ಕೇಳಿದ್ದೀರಿ. ನಾನು ಪಂಡಿತನಲ್ಲ. ಊರು ಮಂಡ್ಯ ಕಡೆ, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ. ಓದಿದ್ದಕ್ಕಿಂತ ನೋಡಿದ್ದೇ ಜಾಸ್ತಿ, ಅದನ್ನೇ ಹೇಳುತ್ತೇನೆ.

ನಮ್ಮ ಮನೆದೇವರು ತಿರುಪತಿ ತಿಮ್ಮಪ್ಪ. ಅಪ್ಪ, ತಾತ ಅವನ ಒಕ್ಕಲು, ಅಂದರೆ ತಲೆಮಾರಿನಿಂದ ಅವನಿಗೇ ನಡೆದುಕೊಳ್ಳುವವರು, ಹಾಗಾಗಿ ನಾನೂ. ಅಮ್ಮನಿಗೆ ಮದುವೆಯಾದ ದಿನವೇ ಮನೆದೇವರು ಬದಲಾಯಿತು. ನಿನಗೆ ಒಪ್ಪಿಗೆಯಾ ಅಂತ ಯಾರೂ ಕೇಳಲಿಲ್ಲ. ನನಗೆ ಆರು ವರ್ಷವಿದ್ದಾಗ ಟೈಫಾಯ್ಡ್ ಬಂತು. ಅಮ್ಮ ಅರಿಶಿನದಲ್ಲಿ ಅದ್ದಿದ ಬಟ್ಟೆಯಲ್ಲಿ ಒಂದು ರೂಪಾಯಿ ಕಟ್ಟಿ ದೇವರ ಗೂಡಿನಲ್ಲಿಟ್ಟಳು. ಮುಡಿಪು, ಅಂದರೆ ದೇವರಿಗೆ ಒಪ್ಪಿಸಬೇಕಾದ ಹರಕೆಯ ಗಂಟು. ಅದು ತಿರುಪತಿ ಹುಂಡಿ ಸೇರಿದ್ದು ನಾಲ್ಕು ವರ್ಷದ ಮೇಲೆ. ಅಲ್ಲಿಯವರೆಗೆ ಇಡೀ ಮನೆ ಆ ಗಂಟಿಗೆ ಹೆದರುತ್ತಿತ್ತು. ಎಮ್ಮೆ ಹಾಲು ಬತ್ತಿದರೂ ಅಜ್ಜಿ "ಮುಡಿಪು ಹಾಗೇ ಇದೆಯಲ್ಲ, ಇನ್ನೇನಾಗುತ್ತೆ" ಅನ್ನುತ್ತಿದ್ದಳು.

ಈಗ ನನ್ನ ಕಥೆ. ಕೆಲವು ವರ್ಷದ ಹಿಂದೆ ಕೆಲಸದ ಒತ್ತಡಕ್ಕೆ ನಿದ್ದೆ ಕೆಟ್ಟಿತ್ತು. ಆಫೀಸಿನ ಗೆಳೆಯನೊಬ್ಬ ಹೇಳಿದ ಅಂತ ತುಮಕೂರು ರಸ್ತೆ ಕಡೆ ಇರುವ ವಿಪಶ್ಯನ ಕೇಂದ್ರಕ್ಕೆ ಹತ್ತು ದಿನದ ಶಿಬಿರಕ್ಕೆ ಹೋದೆ. ವಿಪಶ್ಯನ ಅಂದರೆ ಉಸಿರನ್ನೂ ಮೈಯಲ್ಲಿ ಆಗುವುದನ್ನೂ ಸುಮ್ಮನೆ ಗಮನಿಸುತ್ತಾ ಕೂರುವ ಧ್ಯಾನ. ಫೋನ್ ಒಪ್ಪಿಸಬೇಕು. ಬೆಳಗ್ಗೆ ನಾಲ್ಕಕ್ಕೆ ಗಂಟೆ. ಹನ್ನೊಂದಕ್ಕೆ ಊಟ, ಆಮೇಲೆ ಸಂಜೆ ಐದಕ್ಕೆ ಹಣ್ಣು, ಚಹಾ ಅಷ್ಟೇ. ಮಾತಿಲ್ಲ. ಪೂಜೆ, ಜಪ, ತಾಯಿತ ಆ ಹತ್ತು ದಿನ ಬೇಡ. ಫೀಸೂ ಇಲ್ಲ, ಕೊನೆಗೆ ಮನಸ್ಸಿದ್ದಷ್ಟು ಕೊಡಬಹುದು. ರಾತ್ರಿ ಈ ಧ್ಯಾನ ಕಲಿಸಿದ ಗುರು ಎಸ್.ಎನ್. ಗೋಯೆಂಕಾ ಅವರ ಪ್ರವಚನದ ರೆಕಾರ್ಡಿಂಗ್. ಅವರು ತೀರಿಕೊಂಡಿದ್ದು 2013ರಲ್ಲಿ, ಪಾಠ ಮಾತ್ರ ಅವರದೇ ದನಿಯಲ್ಲಿ ನಡೆಯುತ್ತಿದೆ.

ಹತ್ತನೇ ದಿನ ಮೌನ ಬಿಟ್ಟಾಗ ಅಕ್ಕಪಕ್ಕ ಕೂತಿದ್ದವರ ಪರಿಚಯವಾಯಿತು. ಒಬ್ಬರು ವರ್ಷ ವರ್ಷ ಮಾಲೆ ಹಾಕಿ ಶಬರಿಮಲೆಗೆ ಹೋಗುವವರು. ಇನ್ನೊಬ್ಬರು ಮಂಗಳೂರಿನವರು, ಭಾನುವಾರ ಚರ್ಚ್ ತಪ್ಪಿಸುವುದಿಲ್ಲ. ಮತ್ತೊಬ್ಬ ದೇವರೇ ಇಲ್ಲ ಅನ್ನುವ ಹುಡುಗ. ತಮ್ಮದನ್ನು ಬಿಟ್ಟು ಇನ್ಯಾವುದಕ್ಕೋ ಸೇರಿದ್ದೇವೆ ಅಂತ ಅವರಲ್ಲಿ ಒಬ್ಬರಿಗೂ ಅನಿಸಿರಲಿಲ್ಲ. ಅಜ್ಜಿ ಇದ್ದಿದ್ದರೆ "ಅದೆಲ್ಲ ಸರಿ, ಈಗ ಯಾವ ದೇವರ ಒಕ್ಕಲು?" ಅಂತ ಕೇಳುತ್ತಿದ್ದಳು. ನಮ್ಮಲ್ಲಿ ಯಾರ ಹತ್ತಿರವೂ ಉತ್ತರ ಇರುತ್ತಿರಲಿಲ್ಲ.

ನಿಮ್ಮ ಪ್ರಶ್ನೆಯ ತಿರುಳು ಇಲ್ಲೇ ಇದೆ ಅನ್ನೋದು ನನ್ನ ಅಭಿಪ್ರಾಯ. ಎಲ್ಲರನ್ನೂ ಕಟ್ಟಿಹಾಕುವ ಒಂದೇ ದೊಡ್ಡ ಕಥೆಯನ್ನು ಜನ ಈಗ ನಂಬುವುದಿಲ್ಲ, ಆಧುನಿಕೋತ್ತರ ಅಂದರೆ ಅದೇ ಅಂತ ಫ್ರಾನ್ಸಿನ ತತ್ವಜ್ಞಾನಿ ಲಿಯೋತಾರ್ 1979ರಲ್ಲೇ ಬರೆದರು. ಕೆಲವು ಕಡೆ ಅದು ಲೆಕ್ಕದಲ್ಲೂ ಕಾಣುತ್ತದೆ. ಇಂಗ್ಲೆಂಡ್ ಮತ್ತು ವೇಲ್ಸ್‌ನ ಜನಗಣತಿಯಲ್ಲಿ ತಾವು ಕ್ರೈಸ್ತರು ಅಂದವರು 2011ರಲ್ಲಿ ಶೇ. 59.3 ಇದ್ದರು, 2021ಕ್ಕೆ ಶೇ. 46.2ಕ್ಕೆ ಇಳಿದರು. ನಮ್ಮಲ್ಲಿ ಹಾಗಿಲ್ಲ. ಪ್ಯೂ ರಿಸರ್ಚ್ ಸಂಸ್ಥೆ ಭಾರತದಲ್ಲಿ ಸುಮಾರು 30,000 ಜನರನ್ನು ಮಾತಾಡಿಸಿ 2021ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಶೇ. 97 ಮಂದಿ ದೇವರನ್ನು ನಂಬುತ್ತೇವೆ ಅಂದಿದ್ದಾರೆ. ಅಂದರೆ ಇಲ್ಲಿ ದೇವರು ಇದ್ದಲ್ಲೇ ಇದ್ದಾನೆ, ಸಡಿಲವಾಗಿದ್ದು ಒಕ್ಕಲುತನ.

ಅದರಿಂದ ಒಳ್ಳೆಯದೂ ಆಗಿದೆ, ಸುಮ್ನೆ ಹಳೆಯದನ್ನೇ ಹೊಗಳಬಾರದು. ನಮ್ಮೂರಲ್ಲಿ ಶ್ರಾವಣ ಶನಿವಾರ ಹರಿಸೇವೆ ಮಾಡುತ್ತಿದ್ದೆವು. ದಾಸಯ್ಯ ಶಂಖ ಊದಿ ಜಾಗಟೆ ಬಾರಿಸಿ "ಗೋವಿಂದಾ" ಅಂದರೆ ಈಗಲೂ ನನಗೆ ಮೈ ಜುಮ್ಮೆನ್ನುತ್ತದೆ. ಆದರೆ ಊಟಕ್ಕೆ ಯಾರು ಒಳಗೆ, ಯಾರು ಹೊರಗೆ ಅಂತ ತೀರ್ಮಾನ ಆಗುತ್ತಿದ್ದಿದ್ದೂ ಅದೇ ಗೋವಿಂದನ ಹೆಸರಲ್ಲಿ. ಶಿಬಿರದಲ್ಲಿ ನನಗೆ ಒಂದು ನಂಬರಿನ ಜಾಗ ಕೊಟ್ಟರು, ಯಾವ ಜನ ಅಂತ ಒಬ್ಬರೂ ಕೇಳಲಿಲ್ಲ.

ಕಳೆದುಕೊಂಡಿದ್ದು ಬೇರೆ. ಶಿಬಿರದಿಂದ ಬಂದು ಮೂರು ತಿಂಗಳು ದಿನಾ ಕೂತೆ, ಆಮೇಲೆ ಬಿಟ್ಟೆ. ಯಾಕೆ ಬಿಟ್ಟೆ ಅಂತ ಕೇಳುವವರಿರಲಿಲ್ಲ. ಕೂತಿದ್ದೂ ನನ್ನ ನಿದ್ದೆಗೋಸ್ಕರ ತಾನೇ? ಅಮ್ಮ ಮುಡಿಪು ಕಟ್ಟಿದ್ದು ಅವಳಿಗೋಸ್ಕರ ಅಲ್ಲ.

ಹೋದ ವರ್ಷ ಮಗಳಿಗೆ ಡೆಂಗಿ ಬಂತು. ಪ್ಲೇಟ್ಲೆಟ್ ಇಳಿಯುತ್ತಿದ್ದ ರಾತ್ರಿ ಬಟ್ಟೆ ತರಲು ಮನೆಗೆ ಬಂದವನು ಒಂದು ರೂಪಾಯಿ ಹುಡುಕುತ್ತಾ ನಿಂತೆ. ಎಲ್ಲಾ ಫೋನಲ್ಲೇ ಕೊಡುವ ಕಾಲ, ಮನೆಯಲ್ಲಿ ಒಂದು ನಾಣ್ಯ ಇರಲಿಲ್ಲ. ಕೊನೆಗೆ ವಾಚ್‌ಮನ್ ಕೊಟ್ಟರು. ಮಗಳು ಹುಷಾರಾದಳು. ಡಾಕ್ಟರಿಂದಲೇ, ಅದರಲ್ಲಿ ನನಗೆ ಅನುಮಾನವಿಲ್ಲ. ಗಂಟು ಮಾತ್ರ ವೈಫೈ ಪೆಟ್ಟಿಗೆ ಪಕ್ಕ ಹಾಗೇ ಇದೆ. ತಿರುಪತಿಗೆ ಇನ್ನೂ ಹೋಗಿಲ್ಲ. ಮೊನ್ನೆ ವಾಷಿಂಗ್ ಮೆಷಿನ್ ಕೆಟ್ಟಾಗ ಹೆಂಡತಿ ಏನೂ ಮಾತಾಡಲಿಲ್ಲ, ಆ ಗಂಟಿನ ಕಡೆ ಒಂದು ಸಲ ನೋಡಿದಳು.