ಅಲಿಯ ಗದ್ದ ಎಷ್ಟು ಗಟ್ಟಿ?

ಪ್ರಶ್ನೆ: ಸರ್, ನಮ್ಮ ಮಾಮ ಹಳೇ ಪೈಲ್ವಾನರು. ಆಳಂದ ಕಡೆ ಜಾತ್ರೆಗಳಲ್ಲಿ ಕುಸ್ತಿ ಹಿಡಿದವರು. ಬಾಕ್ಸರ್ ಮುಹಮ್ಮದ್ ಅಲಿ ತಪ್ಪಿಸಿಕೊಳ್ಳುವುದರಲ್ಲಿ ಜಾಣ ಅಷ್ಟೇ, ಗುದ್ದು ತಿಂದು ನಿಲ್ಲುವ ತಾಕತ್ತು ಇರಲಿಲ್ಲ ಅಂತಾರೆ. ಹೌದಾ?
– ಕಾಲೇಜು ವಿದ್ಯಾರ್ಥಿ, ಕಲಬುರಗಿ

ಉತ್ತರ: ನಿಮ್ಮ ಮಾಮ 1967ರವರೆಗಿನ ಅಲಿಯನ್ನು ಮಾತ್ರ ನೋಡಿರಬೇಕು. ಆಗ ಅವನ ಮುಖಕ್ಕೆ ಗುದ್ದು ತಾಗುವುದೇ ಅಪರೂಪವಾಗಿತ್ತು. 1963ರ ಜೂನ್‌ನಲ್ಲಿ ಲಂಡನ್ನಿನ ವೆಂಬ್ಲಿಯಲ್ಲಿ ಹೆನ್ರಿ ಕೂಪರ್ ನಾಲ್ಕನೇ ಸುತ್ತಿನ ಕೊನೆಗೆ ಎಡಗೈ ಹುಕ್ (ಪಕ್ಕದಿಂದ ಬೀಸುವ ಗುದ್ದು) ಹೊಡೆದು ಬೀಳಿಸಿದ, ಅಷ್ಟರಲ್ಲಿ ಗಂಟೆ ಬಾರಿಸಿತು, 21 ವರ್ಷದ ಅಲಿ (ಆಗಿನ್ನೂ ಕ್ಯಾಸಿಯಸ್ ಕ್ಲೇ) ಮೂಲೆಗೆ ಹೋಗಿ ಸುಧಾರಿಸಿಕೊಂಡು ಮುಂದಿನ ಸುತ್ತಿನಲ್ಲೇ ಗೆದ್ದ. ಗಂಟೆ ಉಳಿಸಿತು ಎಂದು ಜನ ಈಗಲೂ ಹೇಳುತ್ತಾರೆ. ಆ ಮಾತಲ್ಲಿ ನಿಜ ಇದೆ.

ಆಮೇಲೆ ಸೇನೆಗೆ ಸೇರಲ್ಲ ಅಂದಿದ್ದಕ್ಕೆ ಲೈಸೆನ್ಸ್ ಹೋಯಿತು. ಮೂರೂವರೆ ವರ್ಷ ರಿಂಗಿನಿಂದ ಹೊರಗೆ. 1970ರಲ್ಲಿ ವಾಪಸ್ ಬಂದಾಗ ಕಾಲಿನಲ್ಲಿ ಮೊದಲಿನ ಚುರುಕು ಇರಲಿಲ್ಲ, ಗುದ್ದು ತಿನ್ನಲೇಬೇಕಾಯಿತು. ಅವನ ಗದ್ದ (ಗುದ್ದು ತಿಂದು ನಿಲ್ಲುವ ತಾಕತ್ತಿಗೆ ಬಾಕ್ಸಿಂಗ್‌ನಲ್ಲಿ ಹೀಗನ್ನುತ್ತಾರೆ) ಎಂಥದ್ದು ಅಂತ ಜಗತ್ತಿಗೆ ಗೊತ್ತಾಗಿದ್ದು ಆಗಲೇ.

1971ರ ಮಾರ್ಚ್ 8, ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್, 15ನೇ ಸುತ್ತು. ಜೋ ಫ್ರೇಜಿಯರ್‌ನ ಎಡಗೈ ಹುಕ್ ದವಡೆಗೆ ಸರಿಯಾಗಿ ಕೂತಿತು. ಬೆನ್ನು ನೆಲಕ್ಕೆ, ಕಾಲು ಮೇಲಕ್ಕೆ, ಬೂಟಿಗೆ ಕಟ್ಟಿದ್ದ ಕೆಂಪು ಕುಚ್ಚುಗಳು ಗಾಳಿಯಲ್ಲಿ. ಆ ವಿಡಿಯೋ ಮಾಮನಿಗೆ ತೋರಿಸಿ, ಆದರೆ ಬಿದ್ದಿದ್ದಕ್ಕಿಂತ ಎದ್ದಿದ್ದನ್ನು ನೋಡಲು ಹೇಳಿ. 14 ಸುತ್ತು ಹೊಡೆದಾಡಿ ದಣಿದ ಮನುಷ್ಯ, ಅಂಥ ಗುದ್ದು ತಿಂದು, ಕೆಲವೇ ಸೆಕೆಂಡಿನಲ್ಲಿ ಎದ್ದು ನಿಂತು ಕೊನೇ ಗಂಟೆವರೆಗೂ ಆಡಿದ. ಪಂದ್ಯ ಅಂಕಗಳ ಮೇಲೆ ಸೋತ, ದವಡೆ ಊದಿಕೊಂಡಿತ್ತು. ಎರಡು ವರ್ಷದ ನಂತರ ಕೆನ್ ನಾರ್ಟನ್ ಜೊತೆ ಮುರಿದ ದವಡೆಯಲ್ಲೇ ಪಂದ್ಯ ಮುಗಿಸಿದ.

ಇನ್ನು ಆಫ್ರಿಕಾದ ಕಿನ್ಶಾಸಾ, 1974ರ ಅಕ್ಟೋಬರ್ 30. ಎದುರಿಗೆ ಜಾರ್ಜ್ ಫೋರ್‌ಮನ್, 25 ವರ್ಷ, 40 ಪಂದ್ಯ ಆಡಿ 40ನ್ನೂ ಗೆದ್ದವನು, ಫ್ರೇಜಿಯರ್‌ನನ್ನು ಎರಡೇ ಸುತ್ತಿನಲ್ಲಿ ಆರು ಸಲ ಕೆಡವಿದವನು. ಅಲಿ ಹಗ್ಗಕ್ಕೆ ಒರಗಿ ನಿಂತುಬಿಟ್ಟ. ಇದು ನಿಮ್ಮ ಮಾಮನಿಗೆ ತಕ್ಷಣ ಅರ್ಥ ಆಗುತ್ತದೆ ನೋಡಿ. ಎತ್ತಿ ಒಗೆದಾಗ ಪೈಲ್ವಾನ್ ಮೈ ಬಿಗಿ ಹಿಡಿದು ಬೀಳುವುದಿಲ್ಲ, ಒಗೆತದ ಜೊತೆಗೇ ಹೊರಳುತ್ತಾನೆ. ಅಲಿ ಮಾಡಿದ್ದೂ ಅದೇ. ಗುದ್ದು ಬಂದಾಗ ತಲೆ ಹಿಂದಕ್ಕೆ, ಹಗ್ಗವೂ ಹಿಂದಕ್ಕೆ, ಉಳಿದಿದ್ದು ಮೊಣಕೈ ಮತ್ತು ಮುಂಗೈ ಮೇಲೆ. ಹೊಡೆದು ಹೊಡೆದು ಫೋರ್‌ಮನ್ ಕೈ ಸೋತವು, ಎಂಟನೇ ಸುತ್ತಿನಲ್ಲಿ ಅವನೇ ಬಿದ್ದ.

ಗದ್ದದ ಮೂಳೆ ದಪ್ಪ ಇದ್ದರೆ ಸಾಕು ಅಂತ ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ತುಂಬಿದ ಕೊಡವನ್ನು ಗಕ್ಕನೆ ತಿರುವಿದರೆ ಕೊಡ ಮೊದಲು ತಿರುಗುತ್ತದೆ, ನೀರು ಆಮೇಲೆ. ಗದ್ದಕ್ಕೆ ಪಕ್ಕದಿಂದ ಗುದ್ದು ಬಿದ್ದಾಗ ತಲೆಬುರುಡೆ ಮತ್ತು ಮಿದುಳಿನ ಗತಿಯೂ ಹೆಚ್ಚುಕಡಿಮೆ ಅದೇ. ಕುತ್ತಿಗೆ ಗಟ್ಟಿಯಿದ್ದು, ಗುದ್ದು ಬರುವುದು ಕಣ್ಣಿಗೆ ಕಂಡರೆ ತಲೆ ಅಷ್ಟು ತಿರುಗುವುದಿಲ್ಲ. ಕಾಣದೆ ಬಂದ ಗುದ್ದೇ ಕೆಡವುವುದು. ಅಲಿ ಗುದ್ದನ್ನು ಕೊನೇ ಗಳಿಗೆವರೆಗೂ ಕಣ್ಣು ಬಿಟ್ಟು ನೋಡುತ್ತಿದ್ದ. ವೃತ್ತಿಯ 61 ಪಂದ್ಯಗಳಲ್ಲಿ ನೆಲಕ್ಕೆ ಬಿದ್ದಿದ್ದು ನಾಲ್ಕು ಸಲ, ಹತ್ತು ಎಣಿಸುವವರೆಗೆ ಬಿದ್ದಿದ್ದು ಒಂದು ಸಲವೂ ಇಲ್ಲ. ಅರ್ನಿ ಶೇವರ್ಸ್‌ನಂಥ ಭಾರೀ ಗುದ್ದಿನವನ ಎದುರು 1977ರಲ್ಲಿ ತತ್ತರಿಸಿಯೂ 15 ಸುತ್ತು ನಿಂತು ಗೆದ್ದ. ನನ್ನ ಲೆಕ್ಕದಲ್ಲಿ ಹೆವಿವೇಟ್ ಚಾಂಪಿಯನ್ನರಲ್ಲಿ ಇವನಿಗಿಂತ ಗಟ್ಟಿಯವರು ಇಲ್ಲ.

ಆದರೆ ಶೇವರ್ಸ್ ಪಂದ್ಯ ಆದಮೇಲೆ ಅಲಿಯ ವೈದ್ಯ ಫರ್ಡಿ ಪಚೇಕೊ, ಇನ್ನು ಸಾಕು ನಿಲ್ಲಿಸಿ ಅಂದು, ಕೇಳದಿದ್ದಾಗ ಬಿಟ್ಟುಹೋದರು. 1980ರಲ್ಲಿ ಲ್ಯಾರಿ ಹೋಮ್ಸ್ ಹತ್ತು ಸುತ್ತು ಹೊಡೆದ. 38 ವರ್ಷದ ಅಲಿ ಬೀಳಲಿಲ್ಲ, ಕೋಚೇ ಪಂದ್ಯ ನಿಲ್ಲಿಸಿದರು. ಅದನ್ನು ನೋಡುವುದು ನನಗೆ ಇವತ್ತಿಗೂ ಆಗುವುದಿಲ್ಲ. ಅವತ್ತು ಬಿದ್ದಿದ್ದರೆ ಒಳ್ಳೆಯದಿತ್ತು ಅನಿಸುತ್ತದೆ.

ಪ್ರಶ್ನೆ: ಎಂದೂ ಬೀಳದ ಹೆವಿವೇಟ್ ಬಾಕ್ಸರ್ ಯಾರಾದರೂ ಇದ್ದಾರಾ?
– ಓದುಗರು, ಹುಮನಾಬಾದ್

ಉತ್ತರ: ಕೆನಡಾದ ಜಾರ್ಜ್ ಶುವಾಲೊ. 93 ಪಂದ್ಯ, ಒಮ್ಮೆಯೂ ನೆಲಕ್ಕೆ ಬೀಳಲಿಲ್ಲ. ಫ್ರೇಜಿಯರ್, ಫೋರ್‌ಮನ್ ಇಬ್ಬರ ಎದುರೂ ರೆಫ್ರಿ ಪಂದ್ಯ ನಿಲ್ಲಿಸಿದರು, ಆದರೂ ನಿಂತೇ ಇದ್ದ. ವಿಶ್ವ ಚಾಂಪಿಯನ್ ಮಾತ್ರ ಆಗಲಿಲ್ಲ.

ಪ್ರಶ್ನೆ: ಅಣ್ಣಾ, ನನ್ನ ಮಗನಿಗೆ 14 ವರ್ಷ. ಬಾಕ್ಸಿಂಗ್ ಕಲಿಯಲು ಹೋಗುತ್ತಾನೆ. ತಲೆ ಗಟ್ಟಿಯಾಗಲಿ ಅಂತ ದೊಡ್ಡ ಹುಡುಗರು ತಲೆಗೆ ಹೊಡೆಯುತ್ತಾರಂತೆ. ಇದು ಸರಿಯೇ?
– ತಾಯಿ, ಯಾದಗಿರಿ

ಉತ್ತರ: ಖಂಡಿತ ಸರಿಯಲ್ಲ ಅಕ್ಕಾ. ಹೊಡೆತ ತಿಂದು ಅಂಗೈ ಚರ್ಮ ಗಟ್ಟಿಯಾಗಬಹುದು, ಮಿದುಳು ಆಗುವುದಿಲ್ಲ. ಅಲಿಗೆ 1984ರಲ್ಲಿ ಪಾರ್ಕಿನ್ಸನ್ ಇದೆ ಎಂದು ಗೊತ್ತಾಯಿತು. ಅದು ಗುದ್ದಿನಿಂದಲೇ ಬಂತು ಎಂದು ಎಲ್ಲ ವೈದ್ಯರೂ ಒಪ್ಪುವುದಿಲ್ಲ, ಆದರೆ ತಲೆಗೆ ಪದೇ ಪದೇ ಪೆಟ್ಟು ಬಿದ್ದರೆ ಮಿದುಳಿಗೆ ಹಾನಿ ಅನ್ನುವುದರಲ್ಲಿ ಅನುಮಾನ ಬೇಡ. ಹೆಡ್‌ಗಾರ್ಡ್ ಹಾಕಿದ್ದಾನೆ ಅಂತ ಸುಮ್ನೆ ಇರಬೇಡಿ, ಅದು ಚರ್ಮ ಸೀಳುವುದನ್ನು ತಡೆಯುತ್ತದೆ, ಒಳಗಿನ ಅಲುಗಾಟವನ್ನಲ್ಲ. ಮಗ ಮನೆಗೆ ಬಂದು ತಲೆನೋವು ಅಂದರೆ, ವಾಂತಿ ಮಾಡಿದರೆ, ಮಾತು ತಡವರಿಸಿದರೆ, ಹೇಳಿದ್ದನ್ನೇ ಹೇಳಿದರೆ ಅವತ್ತೇ ಡಾಕ್ಟರ್ ಹತ್ತಿರ ಹೋಗಿ. ಅವರು ಹೂಂ ಅನ್ನುವವರೆಗೆ ಗ್ಲೌಸ್ ಮುಟ್ಟಲು ಬಿಡಬೇಡಿ. ಒಂದು ಸಂಜೆ ನೀವೇ ಮೈದಾನಕ್ಕೆ ಹೋಗಿ ಕೋಚ್‌ಗೆ ಕೇಳಿ: ಇವನನ್ನು ಯಾವ ತೂಕದ ಹುಡುಗನ ಜೊತೆ ಬಿಡುತ್ತೀರಿ, ಆಗ ರಿಂಗ್ ಪಕ್ಕ ನೀವೇ ಇರುತ್ತೀರಾ?