ಬೊಂಬಾಯಿಗೆ ಬಂದ ಚಿಕ್ಕಜ್ಜ ಎಲ್ಲಿ ಹೋದರು?

ಪ್ರಶ್ನೆ: ನನ್ನ ಅಜ್ಜನ ತಮ್ಮ 1958ರಲ್ಲಿ ಕುಂದಾಪುರ ಕಡೆಯಿಂದ ಬೊಂಬಾಯಿಗೆ ಬಂದು ಹೋಟೆಲ್ ಕೆಲಸಕ್ಕೆ ಸೇರಿದರಂತೆ. 1971ರಲ್ಲಿ ದಾದರ್‌ನಿಂದ ಬರೆದ ಕಾಗದವೇ ಕೊನೆ. ಮತದಾರರ ಪಟ್ಟಿಯಲ್ಲಿ ಅದೇ ಹೆಸರಿನವರು ರಾಶಿ ಜನ ಇದ್ದಾರೆ. ಹೇಗೆ ಹುಡುಕುವುದು?
– ಓದುಗರೊಬ್ಬರು, ಡೊಂಬಿವಲಿ

ಉತ್ತರ: ಸದ್ಯಕ್ಕೆ ಮುಂಬಯಿ ಬಿಡಿ, ಊರಿನ ಕಾಗದಪತ್ರ ನೋಡಿ. ಊರು ಬಿಟ್ಟವರು ಕಾಗದ ಬರೆಯದೆ ಇರಬಹುದು, ಆದರೆ ಜಮೀನಿನ ವಿಷಯ ಬಂದಾಗ ಸಹಿ ಹಾಕಲೇಬೇಕಲ್ವಾ? ಕುಟುಂಬದ ಆಸ್ತಿ ಪಾಲಾಗಿದ್ದರೆ ಅಥವಾ ಮಾರಿದ್ದರೆ ಅವರು ಬಂದು ಸಹಿ ಹಾಕಿರಬೇಕು, ಇಲ್ಲವೇ ಮುಂಬಯಿಯಿಂದಲೇ ಪವರ್ ಆಫ್ ಅಟಾರ್ನಿ ಕಳಿಸಿರಬೇಕು. ಅದರಲ್ಲಿ ಆಗಿನ ವಿಳಾಸ ಸಿಗುತ್ತದೆ, ಸಾಕ್ಷಿ ಹಾಕಿದವರ ಹೆಸರೂ ಸಿಗುತ್ತದೆ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಸರ್ವೆ ನಂಬರ್ ಕೊಟ್ಟು ಇಸಿ (ಆ ಜಮೀನಿನ ಮೇಲೆ ನೋಂದಣಿಯಾದ ವ್ಯವಹಾರಗಳ ಪಟ್ಟಿ) ತೆಗೆಸಿ, ಅದರಲ್ಲಿರುವ ದಸ್ತಾವೇಜು ನಂಬರ್ ಹಿಡಿದು ನಕಲು ಕೇಳಿ. ನಿಮ್ಮದು ಅಳಿಯಸಂತಾನದ, ಅಂದರೆ ತಾಯಿಯ ಕಡೆಯಿಂದ ಆಸ್ತಿ ಬರುವ ಪದ್ಧತಿಯ ಮನೆಯಾದರೆ ಅಜ್ಜನ ತಾಯಿ ಕಡೆಯ ಮನೆಯ ಜಮೀನು ನೋಡಬೇಕು. ಇದನ್ನು ಜಾಸ್ತಿ ಜನ ಮರೆಯುತ್ತಾರೆ. ಅವರು ತೀರಿಕೊಂಡು ಮಕ್ಕಳು ಪೌತಿ ಖಾತೆ (ತೀರಿಕೊಂಡವರ ಜಮೀನಿನ ಖಾತೆ ವಾರಸುದಾರರ ಹೆಸರಿಗೆ) ಮಾಡಿಸಿದ್ದರಂತೂ ಮರಣ ಪ್ರಮಾಣಪತ್ರ, ವಂಶವೃಕ್ಷ ಎರಡೂ ತಾಲೂಕು ಕಚೇರಿಯ ಆ ಫೈಲಿನಲ್ಲೇ ಇರಬೇಕು.

ಮತದಾರರ ಪಟ್ಟಿಯಲ್ಲಿ ಬರೀ ಹೆಸರು ನೋಡಿದರೆ ಪ್ರಯೋಜನವಿಲ್ಲ. ಊರಿನ ಶೀನ ಇಲ್ಲಿ ಶ್ರೀನಿವಾಸ ಆಗಿರುತ್ತಾರೆ, ಅಡ್ಡಹೆಸರು ಮರಾಠಿಯಲ್ಲಿ ಹೇಗೆ ಬೇಕಾದರೂ ಬರೆದಿರುತ್ತಾರೆ. ಬದಲಾಗದೆ ಉಳಿಯುವುದು ಅಪ್ಪನ ಹೆಸರು. ಅದನ್ನೂ ವಯಸ್ಸನ್ನೂ ಸೇರಿಸಿ ನೋಡಿ. ಹೋಟೆಲಿನಲ್ಲೇ ಮಲಗಿ ಏಳುತ್ತಿದ್ದವರ ಹೆಸರು ಪಟ್ಟಿಗೆ ಬಂದೇ ಇರಲಿಕ್ಕಿಲ್ಲ, ಅದೂ ನೆನಪಿರಲಿ.

ಇನ್ನು ಮರಣ ನೋಂದಣಿ. ಸಾವು ದಾಖಲಾಗುವುದು ಸಂಭವಿಸಿದ ಜಾಗದಲ್ಲಿ, ಮನೆ ಇದ್ದಲ್ಲಿ ಅಲ್ಲ. ದಾದರ್ ಪಶ್ಚಿಮದಲ್ಲಿದ್ದವರು ಪರೇಲ್‌ನ ಕೆಇಎಂ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದರೆ ಮನೆ ಇದ್ದ ಭಾಗದ ಪಾಲಿಕೆ ಕಚೇರಿಯಾದ ಜಿ-ನಾರ್ತ್ ವಾರ್ಡಿನಲ್ಲಿ ಹುಡುಕಿ ಸುಸ್ತಾಗಬೇಕಷ್ಟೇ, ದಾಖಲೆ ಎಫ್-ಸೌತ್‌ನದ್ದು. ಸಯನ್ ಆಸ್ಪತ್ರೆಯಾದರೆ ಎಫ್-ನಾರ್ತ್. ಆಮೇಲೆ ನಿಮ್ಮ ಹಾಗೆ ಡೊಂಬಿವಲಿ ಕಡೆ ಮನೆ ಮಾಡಿ ಅಲ್ಲೇ ತೀರಿಕೊಂಡಿದ್ದರೆ ಪಾಲಿಕೆಯೇ ಬೇರೆ. 1969ರ ಜನನ ಮರಣ ನೋಂದಣಿ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಶುಲ್ಕ ಕಟ್ಟಿ ಯಾರು ಬೇಕಾದರೂ ರಿಜಿಸ್ಟರಿನಲ್ಲಿ ಹುಡುಕಿಸಬಹುದು. ನಕಲಿನಲ್ಲಿ ಸಾವಿನ ಕಾರಣ ಮಾತ್ರ ಕೊಡುವುದಿಲ್ಲ. ಸುಮ್ನೆ "ಎಲ್ಲಾ ವರ್ಷ ನೋಡಿ" ಅಂದರೆ ಗುಮಾಸ್ತರು ತಲೆ ಎತ್ತುವುದಿಲ್ಲ, ಅಂದಾಜು ವರ್ಷಗಳನ್ನು ಬರೆದುಕೊಂಡು ಹೋಗಿ.

ಸಂಘಗಳನ್ನೂ ಬಿಡಬೇಡಿ. ಮುಂಬಯಿಯ ಮೊಗವೀರ ವ್ಯವಸ್ಥಾಪಕ ಮಂಡಳಿ 1902ರದ್ದು, ಬಂಟರ ಸಂಘ 1927ರದ್ದು. ನಿಮ್ಮ ಸಮಾಜದ ಸಂಘ ಯಾವುದೋ ಅಲ್ಲಿ ಹಳೆಯ ಸದಸ್ಯರ ಪಟ್ಟಿ, ಪತ್ರಿಕೆಯ ನಿಧನ ವಾರ್ತೆ ಇವೆಯೇ ಎಂದು ವಿಚಾರಿಸಿ. ಅಲ್ಲಿನ ಹಿರಿಯರ ಹತ್ತಿರ ಚಿಕ್ಕಜ್ಜನ ಹೆಸರಿಗಿಂತ ಹೋಟೆಲಿನ ಹೆಸರು, ಅದರ ಧಣಿ ಯಾವ ಊರಿನವರು ಎಂದು ಕೇಳಿದರೆ ಬೇಗ ಗುರುತು ಹತ್ತುತ್ತದೆ. ಧಣಿಗಳು ತಮ್ಮ ಊರಿನ ಹುಡುಗರನ್ನೇ ಕರೆತರುವುದು ಆಗ ಸಾಮಾನ್ಯವಾಗಿತ್ತು.

ಮಕ್ಕಳೋ ಮೊಮ್ಮಕ್ಕಳೋ ಸಿಕ್ಕರೆ ನೇರವಾಗಿ ಮನೆಗೆ ಹೋಗಬೇಡಿ, ಮೊದಲು ಒಂದು ಕಾಗದ ಬರೆಯಿರಿ. ಇಷ್ಟು ವರ್ಷ ಬಿಟ್ಟು ಊರಿನವರು ಹುಡುಕಿಕೊಂಡು ಬಂದರೆ ಯಾರಿಗಾದರೂ ಆಸ್ತಿ ತಕರಾರೇ ನೆನಪಾಗುವುದು. ಅದಲ್ಲ ಎಂದು ಮೊದಲ ಸಾಲಿನಲ್ಲೇ ಹೇಳಿಬಿಡಿ.