ಹಡಗಿಳಿದ ಮೇಲೂ ಎರಡು ದಿನ ನೆಲ ತೂಗುತ್ತದೆ

"ಮಗಳು ಮೊದಲ ಸಲ ಸಂಶೋಧನಾ ಹಡಗಿನಲ್ಲಿ ಹೋಗಿದ್ದಾಳೆ. ಮುಂದಿನ ವಾರ ಮಂಗಳೂರಿಗೆ ಬರ್ತಾಳೆ. ಇಳಿದ ಮೇಲೂ ತಲೆ ಸುತ್ತುತ್ತದಂತೆ, ನಿಜವಾ? ನಾವೇನು ಮಾಡಬೇಕು?" ಅಂತ ಕೇಳಿದ್ದೀರಿ.

ನಿಜ. ಆದರೆ ಹೆದರಬೇಡಿ. ನಾನೂ ನಿಮ್ಮೂರಿನವಳೇ, ಮನೆ ಮಂಗಳೂರಿನ ಕುಳಾಯಿಯಲ್ಲಿ. ಪಿಎಚ್‌ಡಿ ಮಾಡುವಾಗ ಕೊಚ್ಚಿಯಿಂದ ಸಾಗರ ಸಂಪದಾ ಹಡಗಿನಲ್ಲಿ ಅರಬ್ಬಿ ಸಮುದ್ರಕ್ಕೆ ಹೋಗಿದ್ದೆ. 1984ರ ಹಡಗು ಅದು, ಉದ್ದ 70 ಮೀಟರ್‌ಗಿಂತ ಸ್ವಲ್ಪ ಜಾಸ್ತಿ.

ವಾಪಸ್ ಬಂದು ಕೊಚ್ಚಿಯಲ್ಲಿ ಇಳಿದವಳು ರಾತ್ರಿ ರೈಲು ಹತ್ತಿದೆ. ರೈಲಿನಲ್ಲಿ ಏನೂ ಆಗಲಿಲ್ಲ, ಹಾಯಾಗಿ ನಿದ್ದೆ ಬಂತು. ಬೆಳಿಗ್ಗೆ ಮನೆಯ ಬಚ್ಚಲಲ್ಲಿ ಮುಖಕ್ಕೆ ಸೋಪು ಹಚ್ಚಿ ಕಣ್ಣು ಮುಚ್ಚಿದ್ದೇ ತಡ, ಕಾಲಡಿಯ ನೆಲ ಎಡಕ್ಕೆ ವಾಲಿತು. ತಟ್ಟನೆ ಗೋಡೆ ಹಿಡಿದೆ. ಕಣ್ಣು ಬಿಟ್ಟರೆ ಬಕೆಟ್ಟಿನ ನೀರು ಒಂಚೂರೂ ಅಲುಗಿರಲಿಲ್ಲ.

ಹಡಗಿನಲ್ಲಿ ಮಿದುಳು ಅಲೆಗೆ ತಕ್ಕಂತೆ ಮೈಯನ್ನು ನಿಲ್ಲಿಸುವುದನ್ನು ಕಲಿತಿರುತ್ತದೆ. ದಡಕ್ಕೆ ಬಂದ ಮೇಲೂ ಆ ಲೆಕ್ಕ ಬಿಡುವುದಿಲ್ಲ. ರೈಲು, ಕಾರು ಅಲುಗಾಡುವಾಗ ಅದು ಗೊತ್ತಾಗುವುದಿಲ್ಲ. ಸುಮ್ನೆ ನಿಂತಾಗ, ಕಣ್ಣು ಮುಚ್ಚಿದಾಗ ಜಾಸ್ತಿ. ಹೆಚ್ಚಿನವರಿಗೆ ಎರಡು ದಿನದಲ್ಲಿ ತಾನಾಗಿಯೇ ಹೋಗುತ್ತದೆ. ಅಲ್ಲಿಯವರೆಗೆ ಸ್ಕೂಟರ್ ಬೇಡ, ಮೆಟ್ಟಿಲಲ್ಲಿ ಹುಷಾರು. ವಾರಗಟ್ಟಲೆ ಹಾಗೇ ಇದ್ದರೆ ಡಾಕ್ಟರಿಗೆ ತೋರಿಸಿ.

ನಿದ್ದೆಯೂ ಕೆಡುತ್ತದೆ. ನನ್ನ ಪಾಳಿ ನಡುರಾತ್ರಿ 12ರಿಂದ 4ರವರೆಗೆ ಇತ್ತು. ಮನೆಯಲ್ಲೂ ಅದೇ ಹೊತ್ತಿಗೆ ಎಚ್ಚರವಾಗುತ್ತಿತ್ತು. ಎಂಜಿನ್ ಸದ್ದಿಲ್ಲದ ಮೌನವೇ ಎಬ್ಬಿಸುತ್ತಿತ್ತು ಅನ್ನಬೇಕು. ಅವಳು ಮೂರು ಗಂಟೆಗೆ ಅಡುಗೆಮನೆಯಲ್ಲಿ ಲೈಟ್ ಹಾಕಿದರೆ ಬೈಯಬೇಡಿ.

ಇನ್ನೊಂದು ಮಾತು, ನನಗೆ ಇದೇ ಮುಖ್ಯ. ಬಂದ ಕೂಡಲೇ ಎಲ್ಲರೂ "ತಿಮಿಂಗಿಲ ಕಂಡಿತಾ?" ಅಂತಲೇ ಕೇಳುತ್ತಾರೆ. ನನ್ನ ಅಣ್ಣ ದಕ್ಕೆಯಲ್ಲಿ ಮೀನು ಹಿಡಿಯುವ ಟ್ರಾಲ್ ಬೋಟಿಗೆ ಹೋಗುವವನು. ಅವನು ಮಾತ್ರ "ನೀರು ಹೇಗಿತ್ತು?" ಅಂದ. ಅಷ್ಟು ಸಾಕಾಯಿತು ನನಗೆ. ನಾವು ಬೇರೆ ಬೇರೆ ಆಳದಿಂದ ನೀರೆತ್ತಿ, ಸಣ್ಣ ಗಾಜಿನ ಬಾಟಲಿಗೆ ತುಂಬಿ, ಎರಡು ದ್ರಾವಣ ಹಾಕಿ ಅಲುಗಿಸುತ್ತಿದ್ದೆವು. ನೀರಲ್ಲಿ ಆಕ್ಸಿಜನ್ ಇದ್ದರೆ ಕಂದು ಬಣ್ಣದ ಗಷ್ಟು ಕಟ್ಟುತ್ತದೆ. ಮೇಲಿನ ನೀರು ಹಾಗೇ ಕಂದಾಯಿತು. 300 ಮೀಟರ್ ಆಳದ್ದು ಕಲಸಿದ ಸುಣ್ಣದ ಹಾಗೆ ಬೆಳ್ಳಗೇ ಉಳಿಯಿತು. ಅಂದರೆ ಅಲ್ಲಿ ಆಕ್ಸಿಜನ್ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಅರಬ್ಬಿ ಸಮುದ್ರದಲ್ಲಿ ಸುಮಾರು 150 ಮೀಟರ್‌ನಿಂದ 1000 ಮೀಟರ್‌ವರೆಗೆ ಇಂಥ ನೀರಿನ ದಪ್ಪ ಪದರವೇ ಇದೆ.

ಮಳೆಗಾಲದಲ್ಲಿ ಆಳದ ನೀರು ಮೇಲೆದ್ದು ನಮ್ಮ ಕರಾವಳಿಯ ಹತ್ತಿರಕ್ಕೂ ಬರುತ್ತದೆ. ಅದು ತರುವ ಗೊಬ್ಬರದಿಂದಲೇ ಬೂತಾಯಿ ಮೀನಿನ ಮೇವು ಹುಟ್ಟುವುದು. ಆದರೆ ಆಕ್ಸಿಜನ್ ಕಡಿಮೆ ಇರುವುದರಿಂದ ತಳದ ಮೀನುಗಳು ಜಾಗ ಬಿಡುತ್ತವೆ. ಇದನ್ನು ಹೇಳಿದಾಗ ಅಣ್ಣ ತಟ್ಟೆಯಿಂದ ಕೈಯೆತ್ತಿ ಕೂತ. ಜುಲೈ 31ಕ್ಕೆ ಮೀನುಗಾರಿಕೆ ನಿಷೇಧ ಮುಗಿದು ಬೋಟು ಇಳಿಸಿದ ಹೊಸತರಲ್ಲಿ ಕೆಲವು ಕಡೆ ಎಷ್ಟು ಎಳೆದರೂ ಬಲೆ ಖಾಲಿ ಬರುತ್ತದಂತೆ. ಆ ಜಾಗಗಳನ್ನೆಲ್ಲ ಒಂದೊಂದಾಗಿ ಹೇಳಿದ. ನಾನು ಹಡಗಿನ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲೇ ಬರೆದುಕೊಂಡೆ. ಅಷ್ಟರಲ್ಲಿ ಗಂಜಿ ಆರಿಹೋಗಿತ್ತು. ಆ ಒಂದು ಗಂಟೆ ನನಗೆ ನೆಲ ತೂಗಿದ್ದೂ ನೆನಪಿಲ್ಲ.

ನಿಮ್ಮ ಮಗಳು ಯಾವ ತಂಡದಲ್ಲಿದ್ದಾಳೆ? ನೀರಿನ ತಂಡವಾದರೆ, ಬಾಟಲಿ ಬೆಳ್ಳಗಾಗಲು ಶುರುವಾಗಿದ್ದು ಎಷ್ಟು ಆಳದಲ್ಲಿ ಅಂತ ಕೇಳಿ ನೋಡಿ. ನನಗೂ ತಿಳಿಸಿ.